ಫಿಯೆಟ್ ಟ್ಯಾಂಕಿನಲ್ಲಿ ಚೊಗರು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಪದ್ಮಲತಾ ಪೆಟ್ರೋಲ್ ಟ್ಯಾಂಕನ್ನು ಬಗ್ಗಿಸಿದರು. ಒಳಗಿನಿಂದ ಕಪ್ಪು ನೀರು ಬಂತು.

ಕಂದು ನೀರು ಬರಬೇಕಿತ್ತು. ರಾತ್ರಿಯಿಡೀ ಆಸಿಡ್ ತುಂಬಿಟ್ಟರೆ ತುಕ್ಕು ಕರಗಿ ಕಂದು ನೀರಾಗಿ ಇಳಿಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದರು. ಬಕೆಟ್ಟಿಗೆ ಬಿದ್ದದ್ದು ಶಾಯಿಯಂಥದು, ಕೈಗೆ ಸ್ವಲ್ಪ ಅಂಟುತ್ತಿತ್ತು. ಪದ್ಮಲತಾ ಗೋಡೆಯ ಕಡೆ ತಿರುಗಿದರು. ಅಲ್ಲಿ ಎರಡು ನೀಲಿ ಕ್ಯಾನುಗಳಿದ್ದವು. ಒಂದು ಖಾಲಿ. ಇನ್ನೊಂದರ ಸೀಲು ಒಡೆದಿರಲಿಲ್ಲ.

ಸೀಲು ಒಡೆಯದ್ದು ಆಸಿಡ್ಡಿನ ಕ್ಯಾನು.

ಟ್ಯಾಂಕು 1964ರ ಫಿಯೆಟ್ ಕಾರಿನದು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕೋಟೆಯಿಂದ ಸ್ವಲ್ಪ ದೂರದಲ್ಲಿ, ಹೇರಂಬ ಭಟ್ಟರ ಗದ್ದೆ ಬಯಲಿನ ಆಚೆ ತುದಿಯ ಹಳೆಯ ಕೊಟ್ಟಿಗೆಯಲ್ಲಿ ಆ ಕಾರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಇತ್ತು. ಭಟ್ಟರು ಅದನ್ನು ಸಾಗರದ ಒಬ್ಬ ಡಾಕ್ಟರರಿಂದ ಕೊಂಡಿದ್ದರು. ಕ್ಲಚ್ ಪ್ಲೇಟ್ ಹೋದ ವರ್ಷ ‘ಮುಂದಿನ ತಿಂಗಳು ನೋಡೋಣ’ ಎಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಮುಂದಿನ ತಿಂಗಳು ಬರಲಿಲ್ಲ. ಮೇಲೆ ಹುಲ್ಲು ಒಟ್ಟಿದರು, ಬಾನೆಟ್ ಮೇಲೆ ಕೋಳಿ ಕಾವಿಗೆ ಕೂತಿತು, ಹಸಿರು ಬಣ್ಣ ಬೂದಿಯಾಯಿತು.

ಕೊಟ್ಟಿಗೆಯಿಂದ ಡಾಂಬರು ರಸ್ತೆಗೆ ಬೇರೆ ದಾರಿಯಿಲ್ಲ. ಬೇಸಿಗೆಯಲ್ಲಿ ಗದ್ದೆಯೇ ದಾರಿ. ಮಳೆ ಹಿಡಿದು ಗದ್ದೆಗೆ ನೀರು ನಿಂತರೆ ಕೊಯ್ಲು ಮುಗಿಯುವವರೆಗೆ ಸೈಕಲ್ಲೂ ಹೋಗುವುದಿಲ್ಲ. ಕೊಟ್ಟಿಗೆಯ ಮಾಡು ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಿತ್ತು.

ಕಾರನ್ನು ಕೇಳಿದವರು ಇಬ್ಬರು. ಒಬ್ಬರು ಪದ್ಮಲತಾ. ಇನ್ನೊಬ್ಬ, ಭಟ್ಟರ ಹೆಂಡತಿ ಶರಾವತಿಯವರ ಅಣ್ಣನ ಮಗ ಪ್ರದೀಪ. ಅವನದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮಂಡಗದ್ದೆಯಿಂದ ಮುಂದೆ ಒಂದು ರೆಸಾರ್ಟು. ಕಾರನ್ನು ಗೇಟಿನ ಪಕ್ಕ ನಿಲ್ಲಿಸಿ, ಎಂಜಿನ್ ತೆಗೆದು, ಬಾನೆಟ್ಟಿನೊಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡುವುದು ಅವನ ಯೋಜನೆ. ಬಂದವರು ಫೋಟೊ ತೆಗೆಸಿಕೊಳ್ಳುತ್ತಾರೆ.

ಭಟ್ಟರು ಇಬ್ಬರಿಗೂ ಒಂದೇ ಮಾತು ಹೇಳಿದ್ದರು.

“ನಾನು ಇದನ್ನ ಆ ರಸ್ತೆಯಿಂದ ಗದ್ದೆ ಮೇಲೆ ಓಡಿಸ್ಕಂಡು ಬಂದಿದ್ದು. ಓಡ್ಕಂಡು ಬಂದಿದ್ದು ಓಡ್ಕಂಡೇ ಹೋಗ್ಬೇಕು. ಜೀವ ಇದ್ರೆ ಅದೇ ನಡೀತದೆ. ಹೆಣ ಆದ್ರೆ ಹೊರ್ಬೇಕು. ಪದ್ಮಕ್ಕ, ಮಳೆ ಹಿಡಿಯೋದ್ರೊಳಗೆ ನೀನು ಇದನ್ನ ತಾನಾಗೇ ರಸ್ತೆಗೆ ಹತ್ತಿಸಿದ್ರೆ ನಿಂದು. ಇಲ್ದಿದ್ರೆ ಪ್ರದೀಪ ಕ್ರೇನ್ ತರ್ತಾನೆ.”

“ತಳ್ಳಬಹುದಾ ಭಟ್ರೇ?”

“ಹೆಣಾನೂ ತಳ್ಳಬಹುದು. ತಳ್ಳೋದು ಲೆಕ್ಕಕ್ಕಿಲ್ಲ.”

ನಲವತ್ತೊಂದು ವರ್ಷದ ಪದ್ಮಲತಾ ಹೊಸನಗರದಲ್ಲಿ ಡ್ರೈವಿಂಗ್ ಕಲಿಸುತ್ತಾರೆ. ಶಾಲೆ ಬೇರೆಯವರದು, ಕಾರೂ ಶಾಲೆಯದು. ಹೊಸನಗರ, ರಿಪ್ಪನ್‌ಪೇಟೆ, ನಗರದ ಕಡೆಯ ನೂರಾರು ಜನ ಅವರ ಪಕ್ಕದಲ್ಲಿ ಕೂತು ಕಾರು ಕಲಿತು, ಆಮೇಲೆ ಸ್ವಂತ ಕಾರಿನಲ್ಲಿ ಹಾರ್ನ್ ಹೊಡೆದು ಅವರನ್ನು ದಾಟಿ ಹೋಗಿದ್ದಾರೆ. ಅವರ ಹೆಸರಿನಲ್ಲಿ ಇದ್ದದ್ದು ಒಂದು ಸ್ಕೂಟರ್. ಮೊದಲ ಕಾರು ಕೊಳ್ಳುತ್ತೇನೆ, ಅದು ಭಟ್ಟರ ಕೊಟ್ಟಿಗೆಯ ಫಿಯೆಟ್ ಎಂದಾಗ ಗಂಡ ಜಯಕೀರ್ತಿ ಕೇಳಿದ್ದರು: “ಅದು ಇಂಗ್ಲಿಷ್ ಕಾರಾ, ಇಟಲಿ ಕಾರಾ?”

“ಇಟಲಿ ಡಿಸೈನು. ಬಾಂಬೆಯಲ್ಲಿ ಜೋಡಿಸಿದ್ದು.”

“ಹಾಗಾದ್ರೆ ಸ್ಪೇರ್ ಪಾರ್ಟು ಎಲ್ಲಿ ಸಿಗ್ತದೆ?”

“ಅದನ್ನ ಆಮೇಲೆ ನೋಡೋಣ.”

ಭಟ್ಟರೂ ಹಾಗೇ ‘ಮುಂದಿನ ತಿಂಗಳು’ ಎಂದಿದ್ದರು ಎಂಬುದನ್ನು ಜಯಕೀರ್ತಿ ನೆನಪಿಸಲಿಲ್ಲ.

ಮೆಕ್ಯಾನಿಕ್ ಸಾಗರದ ಮಂಜುನಾಥಪ್ಪ. ಅರವತ್ತರ ಗಡಿಯವರು. ಒಂದು ಕೆಲಸ ಮಾಡಿದರೆ ಮೂರು ಹೇಳಿಕೊಳ್ಳುವವರು. ಕಾರ್ಬೊರೇಟರ್ ಬಿಚ್ಚಲು ಬರುವವರು ಆ ಸೀಮೆಯಲ್ಲಿ ತಾವೊಬ್ಬರೇ ಎಂದು ಮೊದಲ ದಿನವೇ ತಿಳಿಸಿದರು. ಅದೇ ದಿನ ಅದನ್ನು ತಿರುಗಾಮುರುಗಾ ಜೋಡಿಸಿ, ಮತ್ತೆ ಬಿಚ್ಚಿ, “ಚೆಕ್ ಮಾಡಿದ್ದು” ಎಂದರು.

ಮಾರ್ಚಿನಲ್ಲಿ ಕೆಲಸ ಶುರುವಾಯಿತು. ಪದ್ಮಲತಾ ಬೆಳಗಿನ ಕ್ಲಾಸು ಮುಗಿಸಿ ಮಧ್ಯಾಹ್ನ ಸ್ಕೂಟರಿನಲ್ಲಿ ಬರುತ್ತಿದ್ದರು. ಎಂಜಿನ್ ಜಾಮಾಗಿತ್ತು. ಸ್ಪಾರ್ಕ್ ಪ್ಲಗ್ಗಿನ ತೂತುಗಳಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಬಿಟ್ಟರು, ದಿನಾ ಹ್ಯಾಂಡಲ್ ಹಾಕಿ ಒತ್ತಿ ನೋಡಿದರು. ಒಂದು ದಿನ ಹ್ಯಾಂಡಲ್ ಕೂದಲೆಳೆಯಷ್ಟು ಸರಿಯಿತು. ಪದ್ಮಲತಾ ಕೂಗಿದ ಕೂಗಿಗೆ ಶರಾವತಿ ಮನೆಯಿಂದ ಗದ್ದೆ ದಾಟಿ ಓಡಿ ಬಂದರು, ಹಾವು ಕಚ್ಚಿತೆಂದುಕೊಂಡು.

ಹಿಂದಿನ ಸೀಟು ಎತ್ತಿದಾಗ ಸ್ಪ್ರಿಂಗುಗಳ ನಡುವೆ ಇಲಿ ಮರಿ ಹಾಕಿತ್ತು. ಕಣ್ಣು ಬಿಡದ ಮರಿಗಳು. ಮಂಜುನಾಥಪ್ಪ ಕಡ್ಡಿ ಹಿಡಿದು ಬಂದರು. ಪದ್ಮಲತಾ ಅಡ್ಡ ನಿಂತರು. ಸೀಟನ್ನು ಹಾಗೇ ಎತ್ತಿ ಹುಲ್ಲಿನ ಮೂಲೆಯಲ್ಲಿಟ್ಟು, ತಾಯಿ ಇಲಿ ಮರಿಗಳನ್ನು ಕಚ್ಚಿಕೊಂಡು ಹೋಗುವವರೆಗೆ ಆ ಮೂಲೆಯಲ್ಲಿ ಯಾರೂ ಸುತ್ತಿಗೆ ಬಡಿಯಬಾರದೆಂದರು.

“ಕಾರು ರಿಪೇರಿನೋ, ಬಾಣಂತನನೋ ಮೇಡಂ?”

“ಎರಡೂ. ನೀವು ಮುಂದಿನ ಚಕ್ರ ಬಿಚ್ಚಿ.”

ಮೇ ಹೊತ್ತಿಗೆ ಕ್ಲಚ್ ಪ್ಲೇಟ್ ಬಂತು, ಹೊಸ ಟಯರು ಬಂತು. ಬ್ರೇಕು ಅರ್ಧ ಆಯಿತು: ಕೈ ಬ್ರೇಕು ಗಟ್ಟಿ, ಕಾಲಿನದು ಎರಡು ಸಲ ಒತ್ತಿದರೆ ಹಿಡಿಯುತ್ತಿತ್ತು. ಕಾರ್ಬೊರೇಟರಿಗೆ ಬಾಟಲಿಯಿಂದ ಪೆಟ್ರೋಲ್ ಬಿಟ್ಟಾಗ ಎಂಜಿನ್ ಒಂದೆರಡು ನಿಮಿಷ ಓಡಿತು. ಕೊಟ್ಟಿಗೆಯ ಜೇಡರಬಲೆಯೆಲ್ಲ ನಡುಗಿತು. ಮಂಜುನಾಥಪ್ಪ ಟವೆಲ್ ಬೀಸಿ ಕುಣಿದರು. ಅಷ್ಟರಲ್ಲಿ ಬಾಟಲಿ ವಾಲಿ ಪೆಟ್ರೋಲು ಬಿಸಿ ಎಂಜಿನ್ ಮೇಲೆ ಚೆಲ್ಲಿತು. ಬೆಂಕಿ ಹತ್ತಲಿಲ್ಲ, ಆದರೆ ಬಾಟಲಿ ಇಟ್ಟುಕೊಂಡು ಗದ್ದೆ ದಾಟುವ ಮಾತು ಅಲ್ಲಿಗೆ ಮುಗಿಯಿತು. ಟ್ಯಾಂಕಿನಿಂದಲೇ ಪೆಟ್ರೋಲ್ ಬರಬೇಕು ಎಂದು ಪದ್ಮಲತಾ ಹಟ ಹಿಡಿದರು.

ಟ್ಯಾಂಕಿನಿಂದ ಬರುತ್ತಿದ್ದದ್ದು ತುಕ್ಕು. ಜಲ್ಲಿ ಹಾಕಿ ಕುಲುಕಿದರು, ಸರಪಳಿ ಹಾಕಿ ಕುಲುಕಿದರು. ಪ್ರತಿ ಸಲ ಕಾರ್ಬೊರೇಟರ್ ಕಟ್ಟಿತು. ಕೊನೆಗೆ ಶುಕ್ರವಾರ ಮಂಜುನಾಥಪ್ಪ ಸಾಗರದಿಂದ ನೀಲಿ ಕ್ಯಾನಿನಲ್ಲಿ ಆಸಿಡ್ ತಂದರು. ಬಸ್ಸು ತಪ್ಪುತ್ತದೆಂದು ಐದು ಗಂಟೆಗೇ ಹೊರಟರು. ಹೋಗುತ್ತ ಹೇಳಿದ್ದು: “ಗೋಡೆ ಪಕ್ಕದ ನೀಲಿ ಕ್ಯಾನು ಮೇಡಂ. ಗ್ಲೌಸ್ ಹಾಕ್ಕಳಿ, ಮೂಗಿಗೆ ಬಟ್ಟೆ ಕಟ್ಕಳಿ, ಪೂರ್ತಿ ಸುರೀರಿ, ಬೆಳಿಗ್ಗೆವರೆಗೆ ಮುಟ್ಬೇಡಿ.”

ಟ್ಯಾಂಕಿನ ಕೆಳಗಿನ ತೂತಿಗೆ ಬೆಣೆ ಹೊಡೆಯುವಷ್ಟರಲ್ಲಿ ಹೊತ್ತು ಇಳಿಯಿತು. ಪದ್ಮಲತಾ ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಜೈನರ ಮನೆಗಳ ಈ ಪದ್ಧತಿ ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಬುತ್ತಿ ತಂದು ಭಟ್ಟರ ಜಗುಲಿಯಲ್ಲಿ ಕೂತು ಉಣ್ಣುತ್ತಿದ್ದರು. ಹೊತ್ತು ಮೀರುವಂತಿದ್ದರೆ ಶರಾವತಿ ಕೂಗಿ ಎಚ್ಚರಿಸುತ್ತಿದ್ದರು. ಶುಕ್ರವಾರವೂ ಕೂಗಿದರು.

“ಪದ್ಮಾ, ಸೂರ್ಯ ಗುಡ್ಡದ ಮೇಲೆ ಕೂತಿದ್ದಾನೆ! ಇನ್ನು ಅರ್ಧ ಗಳಿಗೆ!”

“ಬಂದೆ ಶರಾವತಕ್ಕ!”

ಮೂಗಿಗೆ ಬಟ್ಟೆ ಕಟ್ಟಿದ್ದರಿಂದ ವಾಸನೆ ತಿಳಿಯಲಿಲ್ಲ. ಕೊಟ್ಟಿಗೆಯೊಳಗೆ ಮಬ್ಬಾಗಿತ್ತು. ಕೈಗೆ ಸಿಕ್ಕಿದ ನೀಲಿ ಕ್ಯಾನನ್ನು ಆಲಿಕೆ ಇಟ್ಟು ಸುರಿದು, ಮುಚ್ಚಳ ಬಿಗಿದು, ಗದ್ದೆಯಲ್ಲಿ ಓಡಿದರು. ಬಿಸಿಲು ಇನ್ನೂ ಜಗುಲಿಯ ಮೆಟ್ಟಿಲ ಮೇಲಿತ್ತು. ಊಟ ಸಮಯಕ್ಕೆ ಸರಿಯಾಗಿ ಆಯಿತು.

ತಪ್ಪಾದದ್ದು ಕ್ಯಾನು.

ಶನಿವಾರ ಬೆಳಿಗ್ಗೆ ಕಪ್ಪು ನೀರಿನ ಬಕೆಟ್ಟನ್ನು ಮೊದಲು ನೋಡಿದವರು ಶರಾವತಿ. ಬಗ್ಗಿ ಮೂಸಿದರು. ಬೆರಳು ಅದ್ದಿ ಉಜ್ಜಿದರು. ಆಮೇಲೆ ಹೊರಗೆ ತಿರುಗಿ ತಮ್ಮ ಹವ್ಯಕ ಮಾತಿನಲ್ಲಿ ಗಂಡನನ್ನು ಕೂಗಿದರು.

“ಹೋಯ್, ಇಲ್ಲಿ ಬನ್ನಿ! ಎಂಗೊ ಬಪ್ಪ ವರ್ಷಕ್ಕೆ ಹೇಳಿ ಇಟ್ಟ ಚೊಗರು ಎಲ್ಲಿ ಇದ್ದು?”

“ಕೊಟ್ಟಿಗೇಲಿ ಇದ್ದು.”

“ಇಲ್ಲೆ! ಕಾರು ಕುಡದ್ದು!”

ಹಸಿ ಅಡಿಕೆ ಬೇಯಿಸಿದ ನೀರು ಬತ್ತಿ ಗಟ್ಟಿಯಾದ ಕಷಾಯವೇ ಚೊಗರು. ಅಡಿಕೆಗೆ ಕೆಂಪು ಬಣ್ಣ ಹಿಡಿಸಲು ಅದನ್ನು ಮುಂದಿನ ಕೊಯ್ಲಿನವರೆಗೆ ಕಾಪಿಡುತ್ತಾರೆ. ಭಟ್ಟರು ಅದಕ್ಕೆ ತೋಟಕ್ಕೆ ಹೊಡೆಯುವ ಔಷಧಿಯ ಹಳೆಯ ನೀಲಿ ಕ್ಯಾನು ಬಳಸಿದ್ದರು.

ಮಂಜುನಾಥಪ್ಪ ಎಂಟೂವರೆಗೆ ಬಂದರು. ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತರು.

“ನಲವತ್ತು ವರ್ಷದ ಸರ್ವಿಸು ಮೇಡಂ. ಟ್ಯಾಂಕಿಗೆ ಸೀಮೆಎಣ್ಣೆ ಹಾಕಿದೋರ್ನ ನೋಡಿದೀನಿ, ನೀರು ಹಾಕಿದೋರ್ನ ನೋಡಿದೀನಿ. ಕಷಾಯ ಹಾಕಿದೋರ್ನ ನೋಡಿರ್ಲಿಲ್ಲ. ಇನ್ನೊಂದು ವೀಳ್ಯದೆಲೆ, ಸ್ವಲ್ಪ ಸುಣ್ಣ ಹಾಕಿದ್ರೆ ಕವಳ ಆಗ್ತಿತ್ತು.”

“ತಮಾಷೆ ಸಾಕು. ಈಗ ಆಸಿಡ್ ಹಾಕೋಣ?”

“ಹಾಕಿದ್ರೆ ನಾಳೆ ಬೆಳಿಗ್ಗೆ ತೆಗಿಬೇಕು, ತೊಳಿಬೇಕು, ಒಣಗಿಸ್ಬೇಕು. ಮೋಡ ನೋಡಿದ್ರಾ?”

ಪಶ್ಚಿಮದ ಗುಡ್ಡಗಳ ಮೇಲೆ ಮೋಡ ಕಟ್ಟಿತ್ತು. ಭಾನುವಾರ ಸಂಜೆಯಿಂದ ಭಾರಿ ಮಳೆಯ ಮುನ್ಸೂಚನೆ ಇತ್ತು. ಪ್ರದೀಪ ಆಗಲೇ ಮಾವನಿಗೆ ಫೋನ್ ಮಾಡಿದ್ದ. ಭಟ್ಟರು ಸ್ಪೀಕರಿಗೆ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

“ಮಾವ, ನಾಳೆ ಸಂಜೆ ಮಳೆ ಬತ್ತಡ. ಆನು ಮಧ್ಯಾಹ್ನವೇ ಕ್ರೇನ್ ತಗಂಡು ಬತ್ತೆ. ಒಣಗದ್ದೆ ಇಪ್ಪಾಗಲೇ ಎತ್ತಿಬಿಡುವ.”

“ಬಾ. ಮೂರು ಗಂಟೆವರೆಗೆ ಮುಟ್ಟುವಂಗಿಲ್ಲೆ. ಆಮೇಲೆ ಎತ್ತು.”

ಭಟ್ಟರು ಫೋನ್ ಜೇಬಿಗಿಟ್ಟು ಪದ್ಮಲತಾ ಅವರ ಮುಖ ನೋಡಿದರು. “ಕೇಳಿಸ್ತಲ್ಲ?”

“ಕೇಳಿಸ್ತು ಭಟ್ರೇ.”

ಪದ್ಮಲತಾ ಟಾರ್ಚು ತೆಗೆದುಕೊಂಡು ಟ್ಯಾಂಕಿನ ಬಾಯಿಗೆ ಕಣ್ಣಿಟ್ಟರು. ನಿನ್ನೆ ಒಳಗೆ ಕಂದು ಹುಡಿಯ ಪದರಗಳು ಎದ್ದು ನಿಂತಿದ್ದವು. ಇಂದು ಎಲ್ಲ ಕಪ್ಪು. ಉದ್ದ ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಉಜ್ಜಿದರು. ಬಟ್ಟೆ ಕಪ್ಪಾಯಿತು. ಬಿಸಿನೀರು ಹಾಕಿ ಕುಲುಕಿ ಚೆಲ್ಲಿ ಮತ್ತೆ ಉಜ್ಜಿದರು. ಬಟ್ಟೆ ಸ್ವಲ್ಪ ಬೂದಿಯಾಯಿತು. ಇನ್ನೊಮ್ಮೆ ತೊಳೆದು ಉಜ್ಜಿದಾಗ ಬಟ್ಟೆ ಬಹುಮಟ್ಟಿಗೆ ಬೆಳ್ಳಗೇ ಬಂತು. ಕಂದು ಎಲ್ಲಿಯೂ ಇರಲಿಲ್ಲ.

“ಮಂಜುನಾಥಪ್ಪೋರೆ, ತುಕ್ಕು ಬರ್ತಿಲ್ಲ.”

“ಬರ್ದೆ ಎಲ್ಲಿ ಹೋಗ್ತದೆ?”

“ನೀವೇ ನೋಡಿ.”

ಅವರು ಸ್ಕ್ರೂಡ್ರೈವರ್ ಹಾಕಿ ಒಳಗೋಡೆಯನ್ನು ಕೆರೆದರು. ಉಗುರಿನಿಂದ ಸ್ಲೇಟು ಕೆರೆದಂತೆ ಸದ್ದಾಯಿತು. ಹುಡಿ ಉದುರಲಿಲ್ಲ. ಬೇರೆ ಕಡೆ ಕೆರೆದರು. ಅಲ್ಲಿಯೂ ಉದುರಲಿಲ್ಲ. ಚೊಗರಿನಲ್ಲಿ ಟ್ಯಾನಿನ್ ಹೇರಳ. ಅದು ಸೋಕಿದರೆ ತುಕ್ಕು ಕಪ್ಪಾಗಿ ಗಟ್ಟಿ ಕೂರುತ್ತದೆ. ತುಕ್ಕಿಗೆ ಬಳಿಯುವ ಕೆಲವು ದ್ರಾವಣಗಳಲ್ಲಿ ಇರುವುದೂ ಅದೇ ಪದಾರ್ಥ. ಇದನ್ನು ಪದ್ಮಲತಾ ಗದ್ದೆ ಬದುವಿನ ಮೇಲೆ ಹತ್ತಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು, ಮೊಬೈಲಿನಲ್ಲಿ ಹುಡುಕಿ ಗಟ್ಟಿಯಾಗಿ ಓದಿದರು.

ಮಂಜುನಾಥಪ್ಪ ಎದ್ದು ನಿಂತರು. ಮುಖಕ್ಕೆ ಕಳೆ ಬಂದಿತ್ತು.

“ನನಗೆ ಮೊದ್ಲೇ ಅನುಮಾನ ಇತ್ತು.”

“ಯಾವುದರದ್ದು?”

“ಇದೇ ಸರಿಯಾದ ಮದ್ದು ಅಂತ. ಹೇಳಿದ್ರೆ ನೀವು ನಂಬ್ತಿರ್ಲಿಲ್ಲ.”

ಶರಾವತಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಭಟ್ಟರು ಮಾತ್ರ ಬಕೆಟ್ಟನ್ನೇ ನೋಡುತ್ತಿದ್ದರು. “ಅಷ್ಟು ಗಟ್ಟಿ ಚೊಗರು ಈ ಸೀಮೇಲಿ ಬೇರೆಯೋರ ಮನೇಲಿ ಇರ್ಲಿಲ್ಲ,” ಎಂದರು. ದುಃಖವೋ ಹೆಮ್ಮೆಯೋ ಧ್ವನಿಯಲ್ಲಿ ತಿಳಿಯಲಿಲ್ಲ.

ಆ ದಿನವೆಲ್ಲ ಟ್ಯಾಂಕು ತೊಳೆದರು. ಶರಾವತಿಯ ಬಚ್ಚಲೊಲೆಯಿಂದ ಬಿಸಿನೀರು ಗದ್ದೆ ದಾಟಿ ಬರುತ್ತಲೇ ಇತ್ತು. ಅಂಟು ಹೋದ ಮೇಲೆ ಟ್ಯಾಂಕನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಮಗುಚಿ ಹಾಕಿದರು. ಬಿಸಿಲು ಬಂದು ಬಂದು ಹೋಯಿತು. ಬಂದಾಗೆಲ್ಲ ಪದ್ಮಲತಾ ಟ್ಯಾಂಕನ್ನು ಬಿಸಿಲಿನ ಕಡೆಗೆ ತಿರುಗಿಸಿದರು. ಸಂಜೆ ಟ್ಯಾಂಕಿನ ಬಾಯಿಗೆ ಕೈ ಹಾಕಿದರೆ ಬೆರಳಿಗೆ ಬೆಚ್ಚಗಿನ ಗಾಳಿ ತಾಕಿತು.

ಭಾನುವಾರ ಹನ್ನೆರಡಕ್ಕೆ ಟ್ಯಾಂಕು ಕಾರಿಗೆ ಕೂತಿತು. ಪೆಟ್ರೋಲ್ ಹಾಕಿದರು. ಹಿಂದಿನ ಬೆಸುಗೆಯ ಹತ್ತಿರ ಹನಿ ಒಸರಿತು. ಮಂಜುನಾಥಪ್ಪ ಬಟ್ಟೆ ಸೋಪಿನ ತುಂಡು ತೆಗೆದು ಅಲ್ಲಿ ತಿಕ್ಕಿ ಮೆತ್ತಿದರು. ಹನಿ ನಿಂತಿತು. ಮುಂದಿನ ಪೈಪು ಬಿಚ್ಚಿ, ಪಂಪಿನ ಸನ್ನೆ ಒತ್ತಿ, ಸ್ಟೀಲ್ ಲೋಟಕ್ಕೆ ಪೆಟ್ರೋಲ್ ಹಿಡಿದರು. ಲೋಟದ ತಳ ಸ್ಪಷ್ಟ ಕಂಡಿತು. ಪದ್ಮಲತಾ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

ಎರಡು ಗಂಟೆಗೆ ಕ್ರೇನ್ ಲಾರಿ ಬಂದು ಡಾಂಬರು ರಸ್ತೆಯಲ್ಲಿ ನಿಂತಿತು. ಪ್ರದೀಪ ಇಬ್ಬರು ಕೆಲಸದವರ ಜೊತೆ ಗದ್ದೆ ದಾಟಿ ಬಂದ. ಬಿಳಿ ಅಂಗಿ, ಬಿಳಿ ಬೂಟು.

“ಮೇಡಂ, ಬೇಜಾರು ಮಾಡ್ಕಬೇಡಿ. ನಮ್ಮ ಗೇಟಲ್ಲಿ ನಿಮ್ಮ ಹೆಸರಲ್ಲಿ ಬೋರ್ಡ್ ಹಾಕ್ತೀನಿ. ದಾಸವಾಳ ನೆಡೋದಾ, ಸೇವಂತಿಗೆನಾ, ಅದನ್ನೂ ನೀವೇ ಹೇಳಿ.”

“ಮೂರು ಗಂಟೆ ಆಗ್ಲಿ, ಹೇಳ್ತೀನಿ.”

ಮಂಜುನಾಥಪ್ಪ ಬ್ಯಾಟರಿ ತಂತಿ ಬಿಗಿದು ಕೈ ಎತ್ತಿದರು. “ಹತ್ತಿ ಮೇಡಂ!”

ಪದ್ಮಲತಾ ಬಾಗಿಲು ತೆಗೆದು ಹತ್ತಿ ಕೂತರು. ಕಾಲಿನಿಂದ ಕ್ಲಚ್ ಹುಡುಕಿದರು. ಸಿಗಲಿಲ್ಲ. ಹೊರಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು.

“ಮೇಡಂ,” ಎಂದರು ಮಂಜುನಾಥಪ್ಪ ಮೆಲ್ಲಗೆ, “ಸ್ಟೇರಿಂಗು ಈ ಕಡೆ ಇದೆ.”

ಹದಿನೈದು ವರ್ಷ ಕಲಿಸುವವರ ಎಡ ಸೀಟಿನಲ್ಲಿ ಕೂತ ಅಭ್ಯಾಸ. ಶಾಲೆಯ ಕಾರಿನಲ್ಲಿ ಆ ಕಡೆಯೂ ಕ್ಲಚ್ಚು, ಬ್ರೇಕು ಇರುತ್ತವೆ. ಪ್ರದೀಪ ಮೊದಲು ನಕ್ಕ, ಆಮೇಲೆ ಎಲ್ಲರೂ. ಪದ್ಮಲತಾ ಕೂಡ ನಗುತ್ತಲೇ ಇಳಿದು, ಸುತ್ತು ಹಾಕಿ, ಬಲಗಡೆ ಹತ್ತಿದರು. ಎಡಗಡೆ ಮಂಜುನಾಥಪ್ಪ ಕೂತರು.

ಕೀ ತಿರುಗಿಸಿದರು. ಎಂಜಿನ್ ಗೊರಗೊರ ತಿರುಗಿತು, ಹತ್ತಲಿಲ್ಲ. ಚೋಕ್ ಎಳೆದರು. ಮತ್ತೆ ತಿರುಗಿಸಿದರು. ಒಂದು ಸಿಡಿತ. ಮೂರನೆಯ ಸಲ ಇಡೀ ಕಾರು ಒಮ್ಮೆ ಮೈ ಕೊಡವಿ ಹತ್ತಿಕೊಂಡಿತು. ಸೈಲೆನ್ಸರಿನಿಂದ ಕಪ್ಪು ಹೊಗೆ, ಒಣ ಎಲೆ, ಒಂದು ಹಿಡಿ ಹುಲ್ಲು ಹೊರಗೆ ಹಾರಿದವು. ಮೊದಲು ಮೂರು ಸಿಲಿಂಡರಿನ ಕುಂಟು ಸದ್ದು. ಸ್ವಲ್ಪ ಹೊತ್ತಿನಲ್ಲಿ ನಾಲ್ಕನೆಯದೂ ಸೇರಿಕೊಂಡು ಸದ್ದು ನುಣುಪಾಯಿತು.

“ಬಂತು!” ಎಂದು ಮಂಜುನಾಥಪ್ಪ ಡ್ಯಾಶ್‌ಬೋರ್ಡ್ ಬಡಿದರು. “ನಾಲ್ಕೂ ಬಂತು!”

ಭಟ್ಟರು ಕಿವಿಗೆ ಕೈ ಅಡ್ಡ ಇಟ್ಟು ಆಲಿಸಿದರು. ಛತ್ರಿ ಬಗಲಲ್ಲಿಟ್ಟು ಮುಂದೆ ನಡೆದರು.

“ಕ್ಲಚ್ ಪೂರ್ತಿ ಒತ್ತಿ,” ಎಂದರು ಪದ್ಮಲತಾ. “ಹಾಂ. ಫಸ್ಟ್ ಗೇರ್. ಆಕ್ಸಿಲರೇಟರ್ ಸ್ವಲ್ಪ. ಕ್ಲಚ್ ಬಿಡಿ, ನಿಧಾನ. ಯಾಕೆ ಅವಸರ? ನಿಧಾನ.”

“ನನಗಾ ಮೇಡಂ ಹೇಳ್ತಿರೋದು?”

“ನನಗೆ!”

ಫಿಯೆಟ್ ಕೊಟ್ಟಿಗೆಯಿಂದ ಹೊರಗೆ ಬಂತು. ಬದುಗಳನ್ನು ಮುಂಚೆಯೇ ಕಡಿದು ಇಳಿಜಾರು ಮಾಡಿದ್ದರು. ಮೊದಲ ಗದ್ದೆ ದಾಟಿತು, ಎರಡನೆಯದಕ್ಕೆ ಇಳಿಯಿತು. ಸ್ಟೇರಿಂಗಿನ ಪಕ್ಕದ ಗೇರ್ ಕಡ್ಡಿ ಕಟಕಟ ಎಂದಿತು. ಭತ್ತದ ಒಣ ಕೂಳೆ ಚಕ್ರದಡಿ ಮುರಿಯುತ್ತಿತ್ತು. ಕಿಟಕಿಗೆ ಗಾಜಿರಲಿಲ್ಲ, ಮಣ್ಣಿನ ವಾಸನೆಯ ತಂಪು ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು. ಹದಿನೈದು ವರ್ಷ ಬೇರೆಯವರ ಕೈಯಲ್ಲಿ ತಿರುಗುವುದನ್ನೇ ನೋಡಿದ್ದ ಸ್ಟೇರಿಂಗು ಈಗ ತಮ್ಮ ಕೈಯಲ್ಲಿ ತಿರುಗುತ್ತಿತ್ತು. ಪದ್ಮಲತಾ ಹಾರ್ನ್ ಒತ್ತಿದರು. ಹಾರ್ನ್ ಕೂಗಿತು. ಅದನ್ನು ಯಾರೂ ರಿಪೇರಿ ಮಾಡಿರಲಿಲ್ಲ.

“ಹಾರ್ನೂ ನಂದೇ ಕೆಲಸ!” ಎಂದರು ಮಂಜುನಾಥಪ್ಪ.

ನಡುಗದ್ದೆಯಲ್ಲಿ ಹಿಂದಿನ ಚಕ್ರ ಹೂತಿತು. ಬುಧವಾರದ ಅಡ್ಡಮಳೆಯ ನೀರು ಅಲ್ಲಿ ಒಂದು ಕಡೆ ಇಂಗದೆ ಜವುಗಾಗಿತ್ತು. ಮೇಲೆ ಒಣಗಿದ್ದರಿಂದ ಕಂಡಿರಲಿಲ್ಲ. ಎಡಗಡೆಯ ಚಕ್ರ ಗರಗರ ಸುತ್ತಿ ಕೆಸರು ಎರಚಿತು. ಬಲಗಡೆಯದು ಅಲುಗಲಿಲ್ಲ.

ಪ್ರದೀಪನ ಇಬ್ಬರು ಕೆಲಸದವರು ತಳ್ಳಲು ಓಡಿ ಬಂದರು. ಸಿಕ್ಕಿಕೊಂಡ ವಾಹನ ಕಂಡರೆ ಕೈ ಜೋಡಿಸುವುದು ಅವರಿಗೆ ಅಭ್ಯಾಸ.

“ಮುಟ್ಟಬೇಡಿ!” ಪದ್ಮಲತಾ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದರು. “ಯಾರೂ ಮುಟ್ಟಬೇಡಿ! ಮುಟ್ಟಿದ್ರೆ ನನ್ನ ಕಾರಲ್ಲ!”

ಅವರು ಕೈ ಎತ್ತಿ ಹಿಂದೆ ಸರಿದರು. ದೂರದಲ್ಲಿ ಗುಡುಗಿತು. ಪ್ರದೀಪ ವಾಚ್ ನೋಡಿದ. ಮೂರಕ್ಕೆ ಇನ್ನು ಹತ್ತು ನಿಮಿಷ.

ಆಗ ಶರಾವತಿ ಬದುವಿನ ಮೇಲೆ ಒಟ್ಟಿದ್ದ ಒಣ ಸೋಗೆಯ ಹೊರೆ ಎಳೆದು ತಂದು, ಕೂತ ಚಕ್ರದ ಮುಂದೆ ಅಡಿಕೆ ಗರಿಗಳನ್ನು ಒಂದೊಂದಾಗಿ ತುರುಕತೊಡಗಿದರು.

“ಅತ್ತೆ, ನೀನು ಯಾರ ಕಡೆ ಇದ್ದೆ?” ಎಂದ ಪ್ರದೀಪ.

“ಆನು ಎಂಗಳ ಗದ್ದೆ ಕಡೆ. ಇಲ್ಲಿ ಹೊಂಡ ಬಿದ್ರೆ ನೆಟ್ಟಿ ಮಾಡ್ಲೆ ನೀನು ಬತ್ಯಾ? ಆ ಬೂಟು ಹಾಯ್ಕಂಡು?”

“ಮಾವ, ಇದು ಲೆಕ್ಕಕ್ಕೆ ಬತ್ತಾ?”

ಎಲ್ಲರೂ ಭಟ್ಟರ ಕಡೆ ತಿರುಗಿದರು. ಭಟ್ಟರು ಛತ್ರಿಯ ತುದಿಯಿಂದ ಸೋಗೆಯನ್ನು ಮುಟ್ಟಿ ನೋಡಿದರು, ಚಕ್ರ ನೋಡಿದರು, ಹೆಂಡತಿಯನ್ನು ನೋಡಿದರು.

“ತಳ್ಳಲಾಗ ಹೇಳಿದ್ದು ಆನು. ಸೋಗೆ ಹಾಸಿದ್ರೆ ಅದು ರಸ್ತೆ. ರಸ್ತೆ ಮಾಡಲಾಗ ಹೇಳಿದ್ದಿಲ್ಲೆ.”

ಪದ್ಮಲತಾ ಸೆಕೆಂಡ್ ಗೇರಿಗೆ ಹಾಕಿದರು. ಆಮೇಲೆ ಕೈ ಬ್ರೇಕನ್ನು ಸ್ವಲ್ಪ ಎಳೆದರು.

“ಬ್ರೇಕ್ ಯಾಕೆ ಮೇಡಂ? ನಿಂತಿರೋ ಕಾರಿಗೆ ಬ್ರೇಕಾ?”

“ಸುತ್ತೋ ಚಕ್ರನ ಹಿಡಿದ್ರೆ ಬಲ ಆ ಕಡೆಯ ಚಕ್ರಕ್ಕೆ ಹೋಗ್ತದೆ. ಮಳೆಗಾಲದಲ್ಲಿ ಎಲ್ಲರಿಗೂ ಕಲಿಸ್ತೀನಿ. ನೀವು ಕೂತ್ಕಳಿ.” ಆಮೇಲೆ ತಮಗೇ ಹೇಳಿಕೊಂಡರು: “ಆಕ್ಸಿಲರೇಟರ್ ಕಮ್ಮಿ. ಕ್ಲಚ್ ಅರ್ಧ. ತಾಳ್ಮೆ. ಹಾಂ. ಹಾಗೇ.”

ಸುತ್ತುತ್ತಿದ್ದ ಚಕ್ರ ನಿಧಾನವಾಯಿತು. ಬಲಗಡೆಯ ಚಕ್ರ ಅಲುಗಿತು. ಸೋಗೆ ಚಟಚಟ ಮುರಿಯಿತು. ಕಾರು ಒಂದು ಅಡಿ ಮುಂದೆ ಬಂದು, ಹಿಂದಕ್ಕೆ ಜಾರಿ, ಮತ್ತೆ ಮುಂದೆ ಬಂದು ಗಟ್ಟಿ ನೆಲ ಹಿಡಿಯಿತು. ಪದ್ಮಲತಾ ಕೈ ಬ್ರೇಕು ಬಿಟ್ಟರು. ಆ ಮೇಲೆ ನಿಲ್ಲಿಸಲೇ ಇಲ್ಲ. ಉಳಿದ ಗದ್ದೆಗಳನ್ನು ಒಂದೇ ಓಟದಲ್ಲಿ ದಾಟಿ, ಕೊನೆಯ ಏರಿಯಲ್ಲಿ ಎಂಜಿನ್ ನರಳಿ, ಮುಂದಿನ ಎರಡು ಚಕ್ರ ಡಾಂಬರಿನ ಮೇಲೆ, ಆಮೇಲೆ ಹಿಂದಿನ ಎರಡೂ. ಕಾಲು ಬ್ರೇಕನ್ನು ಎರಡು ಸಲ ಒತ್ತಿದರು. ಕಾರು ಕ್ರೇನ್ ಲಾರಿಯ ಮೂತಿಯ ಹತ್ತಿರ ನಿಂತಿತು.

ಗದ್ದೆಯಲ್ಲಿ ಎಲ್ಲರೂ ಓಡಿ ಬರುತ್ತಿದ್ದರು. ಪ್ರದೀಪನೂ ಓಡುತ್ತಿದ್ದ. ಅವನ ಬಿಳಿ ಬೂಟು ಕೆಸರಾಗಿತ್ತು. ಮೊದಲು ಕೈ ಕುಲುಕಿದವನೂ ಅವನೇ.

“ಮೇಡಂ, ಸೋತೆ. ಆದ್ರೆ ಒಂದು ರೌಂಡು ಕೂರಿಸ್ಕಂಡು ಹೋಗ್ಲೇಬೇಕು.”

“ಆಗಲ್ಲ. ರಸ್ತೆ ಮೇಲೆ ಓಡಿಸೋ ಹಂಗಿಲ್ಲ. ರಿಜಿಸ್ಟ್ರೇಶನ್ ಮುಗಿದು ಯಾವ ಕಾಲ ಆಯ್ತು! ಲೈಸೆನ್ಸ್ ಪಾಠ ಹೇಳೋಳು ನಾನು.”

“ಹಂಗಾದ್ರೆ ಮನೆಗೆ ಹೇಗೆ ಒಯ್ತೀರಿ?”

ಪದ್ಮಲತಾ ಲಾರಿಯ ಕಡೆ ನೋಡಿದರು. ಪ್ರದೀಪನೂ ನೋಡಿದ. ಆಮೇಲೆ ಇಬ್ಬರೂ ಭಟ್ಟರ ಕಡೆ ನೋಡಿದರು. ಭಟ್ಟರು ಏರಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

“ನನ್ನ ಗದ್ದೆ ದಾಟಿದ ಮೇಲೆ ನಿನ್ನ ಕಾರು,” ಎಂದರು ಭಟ್ಟರು. “ಹೊತ್ಕಂಡಾರೂ ಹೋಗು, ಎಳ್ಕಂಡಾರೂ ಹೋಗು.” ಬಾನೆಟ್ ಮೇಲೆ ಅಂಗೈ ಇಟ್ಟು, ಬಿಸಿ ತಾಗಿ ಬೇಗ ತೆಗೆದರು. “ಬೆಚ್ಚಗಿದ್ದು,” ಎಂದು ಹೆಂಡತಿಗೆ ಹೇಳಿದರು.

ಹೊಸನಗರಕ್ಕೆ ಫಿಯೆಟ್ ಪ್ರದೀಪನ ಕ್ರೇನ್ ಲಾರಿಯಲ್ಲೇ ಹೋಯಿತು. ಊರು ತಲುಪುವ ಮುಂಚೆ ಮಳೆ ಹಿಡಿಯಿತು. ಜೂನ್ ಕೊನೆಯಲ್ಲಿ ಸಾಗರದ ಸಾರಿಗೆ ಕಚೇರಿಯಲ್ಲಿ ತಪಾಸಣೆ ನಡೆಯಿತು. ಬಲಗಡೆಯ ವೈಪರ್ ಓಡದ ಕಾರಣ ಮೊದಲ ಸಲ ಫೇಲಾಯಿತು, ಎರಡನೆಯ ಸಲ ಪಾಸಾಯಿತು. ಅಂದು ಪದ್ಮಲತಾ ಸಾಗರದಿಂದ ಕಾರು ಓಡಿಸಿಕೊಂಡು ಬಂದರು. ಬಟ್ಟೆಮಲ್ಲಪ್ಪದ ಹತ್ತಿರ ಒಂದು ಟಯರು ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿಕೊಂಡು ಸಂಜೆ ಐದೂವರೆಗೆ ಹೊಸನಗರ ತಲುಪಿದರು.